ಔಷಧದ ಸುದ್ದಿ ಬರೆಯುವ ಮುನ್ನ ಯಾವ ಅಂಕಿ ಹುಡುಕಬೇಕು?

ಹೊಸ ಔಷಧದ ಪತ್ರಿಕಾ ಪ್ರಕಟಣೆ ಕೈಗೆ ಸಿಕ್ಕ ಕೂಡಲೇ ಬರೆಯಲು ಕೂರಬೇಡಿ. ಮೂಲ ಪ್ರಬಂಧ ತರಿಸಿಕೊಳ್ಳಿ. ಸಾರಾಂಶ ಓದಿದರೆ ಸಾಲದು; ಕೋಷ್ಟಕಗಳೂ ಪೂರಕ ದಾಖಲೆಯೂ ಬೇಕು. ಅಡ್ಡಪರಿಣಾಮಗಳ ವಿವರವಾದ ಪಟ್ಟಿ ಎಷ್ಟೋ ಸಲ ಸಿಗುವುದು ಪೂರಕ ದಾಖಲೆಯಲ್ಲೇ.

ಪ್ರಬಂಧದಲ್ಲಿ ಪ್ರಯೋಗದ ನೋಂದಣಿ ಸಂಖ್ಯೆ ಇರುತ್ತದೆ. ಅದು ‘ಎನ್‌ಸಿಟಿ’ ಎಂದು ಶುರುವಾಗಿದ್ದು ಮುಂದೆ ಎಂಟು ಅಂಕಿಗಳಿದ್ದರೆ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ತಾಣದಲ್ಲಿ ಹಾಕಿ ನೋಡಿ. ಪ್ರಯೋಗ ಶುರುವಾಗುವ ಮೊದಲು ‘ಮುಖ್ಯ ಫಲಿತಾಂಶ’ ಎಂದು ಏನನ್ನು ಬರೆದಿದ್ದರು, ಪ್ರಬಂಧದಲ್ಲಿ ಈಗ ಯಾವುದನ್ನು ಮುಂದೆ ಮಾಡಿದ್ದಾರೆ? ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ದಾಖಲೆ ಯಾವಾಗ, ಹೇಗೆ ತಿದ್ದುಪಡಿಯಾಗಿದೆ ಎಂಬ ಚರಿತ್ರೆಯೂ ಅಲ್ಲೇ ಇದೆ. ಅಳೆಯುವ ವಿಷಯ ನಡುವೆ ಬದಲಾಗಿದ್ದು ಪ್ರಬಂಧ ಅದಕ್ಕೆ ಕಾರಣ ಕೊಡದಿದ್ದರೆ, ನಿಮ್ಮ ಸುದ್ದಿ ಅಲ್ಲಿಂದಲೇ ಶುರುವಾಗಬಹುದು.

ಹೆಚ್ಚು ಎಡವುವುದು ಶೇಕಡಾವಾರಿನಲ್ಲಿ. ಆಲ್ಝೈಮರ್ ಔಷಧ ಲೆಕನೆಮ್ಯಾಬ್ ರೋಗವನ್ನು ಶೇ 27ರಷ್ಟು ನಿಧಾನಗೊಳಿಸುತ್ತದೆ ಎಂದು 2022ರಲ್ಲಿ ಸುದ್ದಿಯಾಯಿತು. ರೋಗದ ಆರಂಭದ ಹಂತದಲ್ಲಿದ್ದ 1,795 ಜನರ ಮೇಲೆ 18 ತಿಂಗಳು ನಡೆದ ಪ್ರಯೋಗ ಅದು. ಅಳೆದದ್ದು 0ಯಿಂದ 18ರವರೆಗಿನ ಮಾಪನದಲ್ಲಿ; ಅಂಕ ಏರಿದಷ್ಟೂ ಸ್ಥಿತಿ ಕೆಟ್ಟಂತೆ. ಪ್ಲಸೀಬೊ (ಔಷಧದ ಅಂಶವಿಲ್ಲದ ನಕಲಿ ಮದ್ದು) ಪಡೆದವರ ಅಂಕ ಸರಾಸರಿ 1.66 ಏರಿತು, ಔಷಧ ಪಡೆದವರದ್ದು 1.21. ಅಂತರ 0.45. ಅದನ್ನು 1.66ರಿಂದ ಭಾಗಿಸಿದಾಗ ಬರುವುದೇ ಆ ಶೇ 27. ಲೆಕ್ಕ ತಪ್ಪಲ್ಲ. ಆದರೆ ಎರಡೂ ಗುಂಪಿನವರ ಸ್ಥಿತಿ ಹದಗೆಟ್ಟಿತು, ಅಂತರ ಅರ್ಧ ಅಂಕಕ್ಕಿಂತ ಕಡಿಮೆ ಎಂಬುದು ಆ ಒಂದು ಅಂಕಿಯಿಂದ ಓದುಗರಿಗೆ ಗೊತ್ತಾಗುವುದಿಲ್ಲ. ಮಿದುಳಿನಲ್ಲಿ ಊತ ಅಥವಾ ದ್ರವ ತುಂಬಿದ್ದು ಔಷಧ ಪಡೆದವರಲ್ಲಿ ಶೇ 12.6, ಪ್ಲಸೀಬೊ ಗುಂಪಿನಲ್ಲಿ ಶೇ 1.7. ಇದನ್ನು ಕೊನೆಯ ಪ್ಯಾರಾಕ್ಕೆ ತಳ್ಳಬೇಡಿ. ಲಾಭ ಹೇಳಿದ ಕಡೆಯೇ ಹೇಳಿ. ಔಷಧ ತೆಗೆದುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದ ಕುಟುಂಬಕ್ಕೆ ಎರಡೂ ಒಟ್ಟಿಗೇ ಬೇಕು.

ಅಪಾಯದ ಸುದ್ದಿಗೂ ಇದೇ ಲೆಕ್ಕ. ಋತುಬಂಧದ ನಂತರ ಎರಡು ಹಾರ್ಮೋನುಗಳನ್ನು ಸೇರಿಸಿ ಕೊಡುವ ಚಿಕಿತ್ಸೆಯಿಂದ ಸ್ತನ ಕ್ಯಾನ್ಸರ್ ಅಪಾಯ ಶೇ 26 ಹೆಚ್ಚು ಎಂದು ಅಮೆರಿಕದ ಅಧ್ಯಯನವೊಂದು 2002ರಲ್ಲಿ ಹೇಳಿತು. ವರ್ಷಕ್ಕೆ 10,000 ಮಹಿಳೆಯರಲ್ಲಿ 30 ಪ್ರಕರಣ ಇದ್ದದ್ದು 38 ಆಗಿತ್ತು. ಶೇಕಡಾವಾರು ಬರೆಯುವುದಾದರೆ ಪಕ್ಕದಲ್ಲೇ ಈ ಎರಡು ಅಂಕಿಗಳನ್ನೂ ಬರೆಯಿರಿ.

ಮಿದುಳಿನ ಚಿತ್ರಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಎಫ್‌ಎಂಆರ್‌ಐ ಎಂಬ ಸ್ಕ್ಯಾನ್ ಅಳೆಯುವುದು ರಕ್ತದ ಆಮ್ಲಜನಕದಲ್ಲಾಗುವ ಬದಲಾವಣೆಯನ್ನು, ಯೋಚನೆಯನ್ನಲ್ಲ. ಮಿದುಳಿನ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಹೆಚ್ಚಿತು ಅಂದಮಾತ್ರಕ್ಕೆ ವ್ಯಕ್ತಿ ಹೆದರಿದ್ದಾನೆ ಎಂದರ್ಥವಲ್ಲ. ಆ ಭಾಗ ಬೇರೆ ಕೆಲಸಗಳಲ್ಲೂ ತೊಡಗುತ್ತದೆ. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವುದರಿಂದ ಕೆಲವು ಆಕಸ್ಮಿಕವಾಗಿಯೇ ‘ಬೆಳಗುತ್ತವೆ’. ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನ್ ಮಾಡಿದ ಸಂಶೋಧಕರಿಗೆ, ಇಂಥ ಆಕಸ್ಮಿಕಗಳನ್ನು ಸೋಸುವ ಲೆಕ್ಕದ ತಿದ್ದುಪಡಿ ಮಾಡದಿದ್ದಾಗ, ಅದರ ಮಿದುಳಿನಲ್ಲೂ ಚಟುವಟಿಕೆ ಕಂಡಿತ್ತು ಎಂದು 2009ರಲ್ಲಿ ವರದಿಯಾಗಿತ್ತು. ಆದ್ದರಿಂದ ಬಹು ಪರೀಕ್ಷೆಗಳಿಗೆ ತಿದ್ದುಪಡಿ ಮಾಡಿದ್ದಾರೆಯೇ, ಎಷ್ಟು ಜನರನ್ನು ಸ್ಕ್ಯಾನ್ ಮಾಡಿದ್ದಾರೆ ಎಂದು ನೋಡಿ. ಜನರ ನಡುವಿನ ಬುದ್ಧಿ, ಸ್ವಭಾವದ ವ್ಯತ್ಯಾಸವನ್ನು ಮಿದುಳಿನ ರಚನೆಗೆ ಜೋಡಿಸುವ ಅಧ್ಯಯನ ನಂಬಿಕೆಗೆ ಅರ್ಹವಾಗಲು ಸಾವಿರಾರು ಮಂದಿ ಬೇಕು. ಇಪ್ಪತ್ತೈದು ಜನ ಸಾಲುವುದಿಲ್ಲ.

ಕೊನೆಗೆ ಹಣ. ಯಾರು ಕೊಟ್ಟರು ಎಂದಷ್ಟೇ ಬರೆದು ನಿಲ್ಲಿಸಬೇಡಿ. ಹಣ ಕೊಟ್ಟವರೇ ಪ್ರಯೋಗದ ವಿನ್ಯಾಸ ಮಾಡಿದರೇ, ದತ್ತಾಂಶ ಯಾರ ಕೈಯಲ್ಲಿತ್ತು, ಮೊದಲ ಕರಡು ಬರೆದವರು ಯಾರು ಎಂಬುದನ್ನು ಪ್ರಬಂಧದಲ್ಲಿ ಹುಡುಕಿ. ಕಂಪನಿಯ ಹಣ ಎಂದ ಮಾತ್ರಕ್ಕೆ ಫಲಿತಾಂಶ ಸುಳ್ಳಾಗುವುದಿಲ್ಲ. ಅಮೆರಿಕದ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ಅನುದಾನವಾದರೆ ಎನ್‌ಐಎಚ್ ರಿಪೋರ್ಟರ್ ಎಂಬ ದತ್ತಸಂಚಯದಲ್ಲಿ ಯೋಜನೆಯ ಮೊತ್ತ, ಅವಧಿ ಎರಡೂ ಸಿಗುತ್ತವೆ. ಹೊರಗಿನ ತಜ್ಞರ ಅಭಿಪ್ರಾಯ ಕೇಳುವಾಗ ಅವರ ಇತ್ತೀಚಿನ ಪ್ರಬಂಧಗಳ ಹಿತಾಸಕ್ತಿ ಘೋಷಣೆಯನ್ನೂ ಓದಿಕೊಳ್ಳಿ. ಅದೇ ಕಂಪನಿಯಿಂದ ಸಲಹಾ ಶುಲ್ಕ ಪಡೆದಿದ್ದರೆ ಅವರ ಮಾತಿನ ಪಕ್ಕದಲ್ಲೇ ಅದನ್ನು ಬರೆಯಿರಿ, ಇಲ್ಲವೇ ಬೇರೆಯವರನ್ನು ಹುಡುಕಿ.