ಗಾಜಿನ ಸಿಟೌಟ್‌ಗೆ ಬ್ಲೈಂಡ್, ಶಟರ್ ಆರಿಸುವುದು ಹೇಗೆ?

ಬಾಲ್ಕನಿಯನ್ನು ಜಾರುವ ಗಾಜುಗಳಿಂದ ಮುಚ್ಚಿಸಿಕೊಳ್ಳುವುದು, ತಾರಸಿಯ ಒಂದು ಮೂಲೆಗೆ ಗಾಜಿನ ಚಾವಣಿ ಹೊದಿಸಿ ಕೂರುವ ಜಾಗ ಮಾಡಿಕೊಳ್ಳುವುದು ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಈಗ ಸಾಮಾನ್ಯವಾಗಿದೆ. ಇಂಗ್ಲೆಂಡಿನ ಕನ್ಸರ್ವೇಟರಿ ಇದರ ಹಿರಿಯಣ್ಣ. ಚಳಿಗಾಲದ ಎಳೆಬಿಸಿಲನ್ನು ಒಳಗೇ ಹಿಡಿದಿಟ್ಟು ನಿಂಬೆ, ಕಿತ್ತಳೆಯಂಥ ಗಿಡಗಳನ್ನು ಉಳಿಸಿಕೊಳ್ಳಲು ಅಲ್ಲಿನವರು ಕಟ್ಟಿಕೊಂಡ ಕೋಣೆ ಅದು. ಶಾಖವನ್ನು ಹಿಡಿದಿಡುವ ಅದೇ ಗುಣ ನಮ್ಮಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಕಾಟವಾಗುತ್ತದೆ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಂಥ ಮಧ್ಯಾಹ್ನ ಮುಚ್ಚಿದ ಗಾಜಿನ ಕೋಣೆಯಲ್ಲಿ ಮನುಷ್ಯರು ಕೂರುವ ಮಾತಿರಲಿ, ಕುಂಡದ ಗಿಡಗಳೂ ಬಾಡುತ್ತವೆ. 1889ರಲ್ಲಿ ಅಡಿಗಲ್ಲು ಕಂಡ ಲಾಲ್‌ಬಾಗ್‌ನ ಗಾಜಿನ ಮನೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಿಂದ ಪ್ರೇರಣೆ ಪಡೆದದ್ದಾದರೂ ಅದರ ಸುತ್ತಲಿನ ಕಮಾನುಗಳು ತೆರೆದೇ ಇವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಧೂಳು, ಸೊಳ್ಳೆ, ಕಳ್ಳಕಾಕರ ಭಯದಿಂದ ನಾವು ಗಾಜನ್ನು ಮುಚ್ಚಿಯೇ ಇಡುತ್ತೇವೆ. ಹಾಗಾಗಿ ಪರದೆಯ ಆಯ್ಕೆಯೇ ಆ ಕೋಣೆಯ ಉಪಯೋಗವನ್ನು ನಿರ್ಧರಿಸುತ್ತದೆ.

ಮೊದಲ ಹೆಜ್ಜೆಗೆ ಅಂಗಡಿಗೆ ಹೋಗಬೇಕಿಲ್ಲ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು ಮತ್ತು ಸಂಜೆ ನಾಲ್ಕೂವರೆಗೆ ಯಾವ ಗಾಜಿನಿಂದ ಬಿಸಿಲು ಒಳಬರುತ್ತದೆ, ನೆಲದ ಮೇಲೆ ಎಷ್ಟು ದೂರ ಚಾಚುತ್ತದೆ ಎಂಬುದನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನ ಶೂನ್ಯ ನೆರಳಿನ ದಿನಗಳಲ್ಲಿ ಇಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಹೀಗಾಗಿ ‘ದಕ್ಷಿಣದ ಗಾಜಿಗೆ ದಪ್ಪ ಪರದೆ ಹಾಕಿ, ಉತ್ತರದ ಗಾಜನ್ನು ಹಾಗೇ ಬಿಡಿ’ ಎಂಬ ವಿದೇಶಿ ಸಲಹೆ ನಮ್ಮಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಡಿಸೆಂಬರ್‌ನ ನಡುಹಗಲಿನಲ್ಲಿ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುವುದರಿಂದ, ಎರಡು ಅಡಿ ಚಾಚಿದ ಸಜ್ಜಾ ತನ್ನ ಕೆಳಗಿನ ಎರಡೂವರೆ ಅಡಿಗಿಂತ ಹೆಚ್ಚು ಗಾಜಿಗೆ ನೆರಳು ಕೊಡುತ್ತದೆ. ಏಪ್ರಿಲ್ ಸಂಜೆ ಐದು ಗಂಟೆಗೆ ಪಶ್ಚಿಮದ ಗಾಜಿನ ಮೇಲೆ ಅದೇ ಸಜ್ಜಾದ ನೆರಳು ಒಂದು ಅಡಿಯೂ ಇರುವುದಿಲ್ಲ. ನಮ್ಮ ಮನೆಗಳಲ್ಲಿ ನಿಜವಾಗಿ ದುಡ್ಡು ಬೇಡುವ ದಿಕ್ಕುಗಳು ಎರಡೇ: ಪಶ್ಚಿಮ ಮತ್ತು ನೆತ್ತಿ.

ಎರಡನೆಯದು ಪರದೆ ಗಾಜಿನ ಹೊರಗಿರಬೇಕೋ ಒಳಗಿರಬೇಕೋ ಎಂಬ ತೀರ್ಮಾನ. ಗಾಜಿನ ಮೂಲಕ ಬಂದ ಬಿಸಿಲು ನೆಲವನ್ನೂ ಕುರ್ಚಿಯನ್ನೂ ಒಳಗಿನ ಪರದೆಯನ್ನೂ ಕಾಯಿಸುತ್ತದೆ. ಕಾದ ವಸ್ತುಗಳು ಹೊರಸೂಸುವ ಶಾಖದ ಕಿರಣಗಳು ಬಂದ ದಾರಿಯಲ್ಲೇ ಹಿಂದಿರುಗದಂತೆ ಗಾಜು ತಡೆಯುತ್ತದೆ. ಎಂದರೆ ಒಳಗಿನ ಪರದೆ ಬಿಸಿಲನ್ನು ತಡೆಯುವ ಹೊತ್ತಿಗೆ ಶಾಖ ಆಗಲೇ ಮನೆಯೊಳಗೆ ಬಂದಾಗಿರುತ್ತದೆ. ಅಮೆರಿಕದ ಇಂಧನ ಇಲಾಖೆ ಗ್ರಾಹಕರಿಗೆ ಕೊಡುವ ಮಾಹಿತಿಯ ಪ್ರಕಾರ, ಪೂರ್ತಿ ಮುಚ್ಚಿದ, ಬಿಸಿಲನ್ನು ಚೆನ್ನಾಗಿ ಪ್ರತಿಫಲಿಸುವ ಒಳಗಿನ ಬ್ಲೈಂಡ್ ಶಾಖದ ಪ್ರವೇಶವನ್ನು ಸುಮಾರು ಶೇ 45ರಷ್ಟು ತಗ್ಗಿಸಬಲ್ಲದು. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಹಾಕಿದ ಇಳಿಜಾರು ಮರೆ ಶೇ 77ರವರೆಗೆ ತಗ್ಗಿಸಬಲ್ಲದು. ಬೆಂಗಳೂರಿನ ಹಳೆಯ ಬಂಗಲೆಗಳ ಕಿಟಕಿಗಳ ಮೇಲೆ ಕಾಣುವ ಮಂಕಿ ಟಾಪ್ ಎಂಬ ಮರದ ಜಾಲರಿಯ ಮಾಡು ಈ ಕೆಲಸವನ್ನೇ ಮಾಡುತ್ತಿತ್ತು. ಬಜೆಟ್ ಸೀಮಿತವಾಗಿದ್ದರೆ ಪಶ್ಚಿಮದ ಗಾಜಿಗೆ ಹೊರಗಿನ ಮರೆಯೊಂದನ್ನು ಮೊದಲು ಮಾಡಿಸಿ, ಉಳಿದ ಗಾಜುಗಳ ವಿಚಾರವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಹೊರಗಿನ ಮರೆಗಳಲ್ಲಿ ಅಗ್ಗವಾದದ್ದು ಚಿಕ್, ಅಂದರೆ ಬಿದಿರಿನ ಕಡ್ಡಿಗಳನ್ನು ಹೆಣೆದ ಪರದೆ. ಕೊಳ್ಳುವಾಗ ಕಡ್ಡಿಗಿಂತ ಹೆಚ್ಚಾಗಿ ಹೆಣಿಗೆಯ ದಾರವನ್ನು ಪರೀಕ್ಷಿಸಬೇಕು. ಹತ್ತಿಯ ದಾರ ಒಂದೆರಡು ಮಳೆಗಾಲಕ್ಕೆ ಕೊಳೆತು ಕಡ್ಡಿಗಳು ಉದುರತೊಡಗುತ್ತವೆ, ಬಿಗಿಯಾಗಿ ಹೆಣೆದ ನೈಲಾನ್ ದಾರ ಹೆಚ್ಚು ಬಾಳುತ್ತದೆ. ಅಂಚಿನ ನಾಲ್ಕು ಕಡ್ಡಿಗಳನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡಿ. ಅವು ಸಲೀಸಾಗಿ ಸರಿದರೆ ಹೆಣಿಗೆ ಸಡಿಲವೆಂದೇ ಅರ್ಥ. ಗಾಳಿ ಹೆಚ್ಚಿರುವ ಮೇಲಿನ ಮಹಡಿಗಳಿಗೆ ಎರಡೂ ಪಕ್ಕದಲ್ಲಿ ಹಳಿಯೊಳಗೆ ಜಾರುವ, ಮೇಲಿನ ಕೊಳವೆಗೆ ಸುತ್ತಿಕೊಳ್ಳುವ ಹೊರಾಂಗಣ ರೋಲರ್ ಬ್ಲೈಂಡ್ ಸೂಕ್ತ. ಹಳಿಯಿಲ್ಲದ ಬಟ್ಟೆ ಹಾಯಿಯಂತೆ ಉಬ್ಬಿ ಗೋಡೆಗೆ ಬಡಿಯುತ್ತದೆ. ಓರೆ ಪಟ್ಟಿಗಳ ಅಲ್ಯುಮಿನಿಯಂ ಲೂವರ್ ಶಟರ್‌ಗೆ ಹೆಚ್ಚು ಬೆಲೆ ತೆರಬೇಕಾದರೂ ಗಾಳಿಯನ್ನು ಬಿಟ್ಟುಕೊಂಡು ಬಿಸಿಲನ್ನಷ್ಟೇ ತಡೆಯುವ ಅನುಕೂಲ ಅದರಲ್ಲಿದೆ. ಮಳೆಗೆಂದು ಹಾಕಿಸುವ ಪಾರದರ್ಶಕ ಪಿವಿಸಿ ಪರದೆ ಇರಿಚಲನ್ನು ತಡೆಯುತ್ತದೆ. ಬಿಸಿಲಿಗೆ ಅದರಿಂದ ಏನೇನೂ ಪ್ರಯೋಜನವಿಲ್ಲ, ಕ್ರಮೇಣ ಹಳದಿಗಟ್ಟುತ್ತದೆ ಕೂಡ. ಅಪಾರ್ಟ್‌ಮೆಂಟಿನಲ್ಲಿರುವವರು ಕಟ್ಟಡದ ಹೊರಮುಖಕ್ಕೆ ಏನನ್ನೇ ಜೋಡಿಸುವ ಮೊದಲು ನಿವಾಸಿಗಳ ಸಂಘದಿಂದ ಲಿಖಿತ ಒಪ್ಪಿಗೆ ಪಡೆಯಬೇಕು.

ಗಾಜಿನ ಚಾವಣಿ ಇದ್ದವರಿಗೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ನಡುಹಗಲಿನ ಬಿಸಿಲು ಹೆಚ್ಚುಕಡಿಮೆ ನೇರವಾಗಿ ಮೇಲಿನಿಂದಲೇ ಬೀಳುತ್ತದೆ. ಚಾವಣಿಯ ಕೆಳಗೆ ಕಟ್ಟುವ ಬಟ್ಟೆ ನೋಡಲು ಚೆಂದ; ಅದು ಜೋತುಬೀಳದಂತೆ ತಂತಿಯ ಆಧಾರ ಬೇಕು, ಗಾಜಿಗೂ ಬಟ್ಟೆಗೂ ನಡುವೆ ಸೇರುವ ಬಿಸಿಗಾಳಿ ಹೊರಹೋಗಲು ಮೇಲ್ಭಾಗದಲ್ಲಿ ಕಿಂಡಿಯೂ ಬೇಕು. ಕಿಂಡಿಯಿಲ್ಲದ ಕಡೆ ಒಳಚಾವಣಿಯ ಬ್ಲೈಂಡ್‌ಗೆ ಹಣ ಹಾಕುವುದನ್ನು ನಾನು ಒಪ್ಪುವುದಿಲ್ಲ. ನರ್ಸರಿಗಳಲ್ಲಿ ಬಳಸುವ ನೆರಳು ಬಲೆಯನ್ನು ಗಾಜಿನಿಂದ ಒಂದು ಅಡಿ ಮೇಲೆ ಕಂಬಿಗಳಿಗೆ ಬಿಗಿದು ಕಟ್ಟಿದರೆ ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ತಂಪು ಸಿಗುತ್ತದೆ. ಈ ಬಲೆ ಶೇ 50, 75, 90ರಷ್ಟು ನೆರಳು ಕೊಡುವ ಬಗೆಗಳಲ್ಲಿ ದೊರೆಯುತ್ತದೆ. ಗಿಡಗಳನ್ನಿಟ್ಟಿದ್ದರೆ ಶೇ 50ರ ಬಲೆ ಸಾಕು. ಕೂತು ಓದುವ ಜಾಗವಾದರೆ ಶೇ 75ರದ್ದನ್ನು ತನ್ನಿ.

ಮೂರನೆಯ ಹೆಜ್ಜೆಯಲ್ಲಿ ಮಾತ್ರ ಒಳಗಿನ ಬ್ಲೈಂಡ್‌ಗಳ ಕಡೆ ಬರಬೇಕು. ಸಿಟೌಟ್‌ಗೆ ನನ್ನ ಮೊದಲ ಆಯ್ಕೆ ಸನ್‌ಸ್ಕ್ರೀನ್ ಬಟ್ಟೆಯ ರೋಲರ್ ಬ್ಲೈಂಡ್. ನೇಯ್ಗೆಯ ರಂಧ್ರಗಳ ಪ್ರಮಾಣವನ್ನು ಶೇ 1, 3, 5, 10 ಎಂದು ನಮೂದಿಸಿರುತ್ತಾರೆ. ಪಶ್ಚಿಮಕ್ಕೆ ಶೇ 3, ಪೂರ್ವಕ್ಕೆ ಶೇ 5 ಸಾಮಾನ್ಯವಾಗಿ ಹೊಂದುತ್ತದೆ. ಬಣ್ಣದ ವಿಷಯದಲ್ಲಿ ಬಹಳ ಮಂದಿ ಗೊಂದಲಕ್ಕೆ ಬೀಳುತ್ತಾರೆ. ತಿಳಿಬಣ್ಣದ ಬಟ್ಟೆ ಶಾಖವನ್ನು ಹೆಚ್ಚು ಹಿಂದಕ್ಕೆ ಕಳಿಸುತ್ತದೆ, ಆದರೆ ಬಿಸಿಲು ಬಿದ್ದಾಗ ತಾನೇ ಬೆಳಗಿ ಕಣ್ಣು ಕುಕ್ಕುತ್ತದೆ. ಗಾಢಬಣ್ಣದ್ದು ಕಣ್ಣಿಗೆ ಹಿತ, ಹೊರಗಿನ ನೋಟವೂ ಸ್ಪಷ್ಟ, ಆದರೆ ಅದು ತಾನು ಕಾದು ಕೋಣೆಯನ್ನೂ ಕಾಯಿಸುತ್ತದೆ. ಗಾಜಿನ ಕಡೆ ಬಿಳಿ, ಒಳಗಡೆ ಬೂದು ಇರುವ ಎರಡು ಮುಖದ ಬಟ್ಟೆ ಸಿಕ್ಕರೆ ಎರಡೂ ಕೆಲಸ ಆಗುತ್ತದೆ. ಅಂಗಡಿಯ ದೀಪದ ಬೆಳಕಿನಲ್ಲಿ ಬಟ್ಟೆಯನ್ನು ತೀರ್ಮಾನಿಸದೆ ಅಂಗೈ ಅಗಲದ ತುಂಡನ್ನು ಕೇಳಿ ತಂದು, ಸಂಜೆ ನಾಲ್ಕು ಗಂಟೆಗೆ ನಿಮ್ಮದೇ ಗಾಜಿಗೆ ಅಂಟಿಸಿ ಅದರಾಚೆಯ ಮರ, ಮನೆ ಕಾಣುತ್ತವೆಯೇ ಎಂದು ನೋಡಿ. ರಾತ್ರಿ ಒಳಗೆ ದೀಪ ಹಾಕಿ, ಹೊರಗೆ ನಿಂತು ಮತ್ತೊಮ್ಮೆ ನೋಡಬೇಕು. ಹಗಲಿನಲ್ಲಿ ಮರೆ ಕೊಡುವ ಸನ್‌ಸ್ಕ್ರೀನ್ ಕತ್ತಲಾದ ಮೇಲೆ ಒಳಗಿನದನ್ನೆಲ್ಲ ತೋರಿಸುತ್ತದೆ.

ಪಟ್ಟಿಗಳ ವೆನೀಷಿಯನ್ ಬ್ಲೈಂಡ್‌ನಲ್ಲಿ ಬೆಳಕಿನ ಮೇಲಿನ ಹತೋಟಿ ಚೆನ್ನಾಗಿದ್ದರೂ ರಸ್ತೆಯ ಪಕ್ಕದ ಮನೆಗಳಲ್ಲಿ ಪ್ರತಿ ಪಟ್ಟಿಯ ಮೇಲೂ ಧೂಳು ಕೂರುತ್ತದೆ. ತೆಳು ಮತ್ತು ದಪ್ಪ ಬಟ್ಟೆಯ ಅಡ್ಡಪಟ್ಟೆಗಳಿರುವ ಜೀಬ್ರಾ ಬ್ಲೈಂಡ್‌ನ ಆಕರ್ಷಣೆ ಅಲಂಕಾರದ್ದು. ಜೇನುಗೂಡಿನ ಕೋಶಗಳ ಬ್ಲೈಂಡ್ ಹವಾನಿಯಂತ್ರಣವಿರುವ ಕೋಣೆಗೆ ಸರಿ. ಅಗಲ ಪಟ್ಟಿಗಳ, ಬಾಗಿಲಿನಂತೆ ತೆರೆಯುವ ಮರದ ಪ್ಲಾಂಟೇಶನ್ ಶಟರ್ ಹಾಕಿಸುವವರು ಅದು ತೆರೆದಾಗ ಯಾವ ಕಡೆ ಮಡಚಿಕೊಳ್ಳುತ್ತದೆ, ಸೊಳ್ಳೆ ಪರದೆಗೂ ಜಾರುವ ಬಾಗಿಲಿನ ಹಿಡಿಕೆಗೂ ತಗಲುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. 63 ಮಿ.ಮೀ. ಪಟ್ಟಿಗಿಂತ 89 ಮಿ.ಮೀ. ಪಟ್ಟಿಯ ಶಟರ್‌ನಲ್ಲಿ ನೋಟ ಹೆಚ್ಚು ತೆರೆದಿರುತ್ತದೆ, ಆದರೆ ಪಟ್ಟಿ ತಿರುಗಲು ಹಿಂದೆ ಹೆಚ್ಚು ಜಾಗ ಬೇಕು.

ಊರು ಬದಲಾದರೆ ಆಯ್ಕೆಯೂ ಬದಲಾಗಬೇಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಸಾಧಾರಣ ಕಬ್ಬಿಣದ ಸ್ಕ್ರೂ, ಸರಪಳಿಗಳು ಬೇಗ ತುಕ್ಕು ಹಿಡಿಯುತ್ತವೆ. ಅಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅನ್ನೇ ಕೇಳಬೇಕು. ಮಡಿಕೇರಿ, ಆಗುಂಬೆಯ ಕಡೆ ಬೂಷ್ಟಿನ ಕಾಟವಿರುವುದರಿಂದ ಹತ್ತಿ, ಸೆಣಬಿನ ಬಟ್ಟೆಗಳನ್ನು ಬಿಟ್ಟು ಒರೆಸಬಹುದಾದ ಪಾಲಿಯೆಸ್ಟರ್ ಆರಿಸಿಕೊಳ್ಳಿ. ಕಲಬುರಗಿ, ವಿಜಯಪುರ, ಬಳ್ಳಾರಿಯ ಒಣಬಿಸಿಲಿಗೆ ಲಾವಂಚದ ತಟ್ಟಿಯನ್ನು ನೀರು ಚಿಮುಕಿಸಿ ಗಾಳಿ ಬರುವ ಕಡೆ ತೂಗುಹಾಕುವುದು ಈಗಲೂ ಒಳ್ಳೆಯ ಉಪಾಯ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ನೀರು ಬೇಗ ಆವಿಯಾಗದ ಕಾರಣ ಅಲ್ಲಿ ಅದರಿಂದ ಪರಿಮಳವಷ್ಟೇ ಲಾಭ.

ಅಳತೆಯನ್ನು ಸ್ಟೀಲ್ ಟೇಪಿನಿಂದಲೇ ತೆಗೆದುಕೊಳ್ಳಬೇಕು. ಚೌಕಟ್ಟಿನೊಳಗೆ ಕೂರುವ ಬ್ಲೈಂಡ್‌ಗೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆದು ಅತಿ ಕಡಿಮೆ ಬಂದದ್ದನ್ನು ಬರೆದುಕೊಳ್ಳಿ. ಗಾರೆ ಮಾಡಿದ ಗೋಡೆಗಳ ನಡುವೆ ಈ ಮೂರು ಅಳತೆಗಳು ಒಂದೇ ಇರುವುದು ಅಪರೂಪ. ಚೌಕಟ್ಟಿನ ಹೊರಗೆ ಕೂರುವುದಾದರೆ ಎರಡೂ ಪಕ್ಕಕ್ಕೆ ಎರಡರಿಂದ ಮೂರು ಇಂಚು ಹೆಚ್ಚು ಕೊಡಬೇಕು, ಇಲ್ಲವಾದರೆ ಅಂಚಿನಿಂದ ಬಿಸಿಲು ನುಸುಳುತ್ತದೆ. ಕೊಟ್ಟದ್ದು ಗಾಜಿನ ಅಳತೆಯೋ ಬ್ಲೈಂಡ್‌ನ ಅಳತೆಯೋ ಎಂಬುದನ್ನು ಆರ್ಡರ್ ಚೀಟಿಯಲ್ಲಿ ಬರೆಸಿಕೊಳ್ಳಿ. ಮೋಟಾರ್ ಇರುವ ಬ್ಲೈಂಡ್ ಬೇಕಾದವರು ಬಣ್ಣ ಬಳಿಸುವ ಮೊದಲೇ ಚೌಕಟ್ಟಿನ ಮೇಲ್ಮೂಲೆಗೆ ವಿದ್ಯುತ್ ಪಾಯಿಂಟ್ ತರಿಸಿಟ್ಟುಕೊಳ್ಳಬೇಕು.

ಕೊನೆಯದಾಗಿ ಸುರಕ್ಷತೆಯ ಎರಡು ವಿಷಯಗಳು. ಬ್ಲೈಂಡ್‌ನ ಜೋತಾಡುವ ದಾರ, ಮಣಿಸರಗಳು ಕುತ್ತಿಗೆಗೆ ಸುತ್ತಿಕೊಂಡು ಹಲವು ದೇಶಗಳಲ್ಲಿ ಮಕ್ಕಳು ಜೀವ ಕಳೆದುಕೊಂಡಿದ್ದಾರೆ. ಮನೆಯಲ್ಲಿ ಅಥವಾ ಬಂದುಹೋಗುವವರಲ್ಲಿ ಚಿಕ್ಕ ಮಕ್ಕಳಿದ್ದರೆ ದಾರವಿಲ್ಲದ, ಸ್ಪ್ರಿಂಗ್ ಅಥವಾ ಮೋಟಾರಿನ ಬ್ಲೈಂಡ್ ಅನ್ನೇ ಕೊಳ್ಳಬೇಕು. ಈಗಾಗಲೇ ದಾರವಿರುವ ಕಡೆ ಗೋಡೆಗೆ ಬಿಗಿಹಿಡಿಕೆ ಹಾಕಿಸಿ, ಅದರ ಕೆಳಗೆ ಮಂಚ, ಸೋಫಾ ಇಡದಿರಿ. ಇನ್ನೊಂದು ಗಾಜಿನದು. ಬಣ್ಣದ ಗಾಜಿಗೋ ಫಿಲ್ಮ್ ಅಂಟಿಸಿದ ಗಾಜಿಗೋ ತೀರ ಹತ್ತಿರ ಬ್ಲೈಂಡ್ ಕೂತರೆ ನಡುವೆ ಶಾಖ ಕಟ್ಟಿಕೊಂಡು, ಟಫನ್ ಮಾಡದ (ಕಾಯಿಸಿ ಗಟ್ಟಿಗೊಳಿಸದ) ಗಾಜು ಅಂಚಿನಿಂದ ಬಿರುಕು ಬಿಡಬಹುದು. ಗಾಜಿಗೂ ಬಟ್ಟೆಗೂ ನಡುವೆ ಸುಮಾರು ಎರಡು ಇಂಚು ಅಂತರವನ್ನೂ, ಮೇಲೆ ಕೆಳಗೆ ಗಾಳಿಯಾಡಲು ಸಂದನ್ನೂ ಬಿಡಿಸಿ. ಜೋಡಿಸುವವರು ಹೊರಡುವ ಮೊದಲು ಪ್ರತಿಯೊಂದು ಬ್ಲೈಂಡನ್ನೂ ಪೂರ್ತಿ ಇಳಿಸಿ, ಪೂರ್ತಿ ಏರಿಸಿ ನೋಡಬೇಕು. ಬಟ್ಟೆ ಕೊಳವೆಯ ಮೇಲೆ ಒಂದು ಪಕ್ಕಕ್ಕೆ ಸರಿಯುತ್ತಿದ್ದರೆ ಬ್ರಾಕೆಟ್ ಮಟ್ಟದಲ್ಲಿಲ್ಲವೆಂದು ತಿಳಿದು ಆಗಲೇ ಸರಿಮಾಡಿಸಿಕೊಳ್ಳಬೇಕು, ಏಕೆಂದರೆ ಹಾಗೆ ಬಿಟ್ಟ ಬಟ್ಟೆಯ ಅಂಚು ಕೆಲವೇ ತಿಂಗಳಲ್ಲಿ ಉಜ್ಜಿ ಎಳೆ ಬಿಡುತ್ತದೆ.