ಅಮ್ಮ ಒಬ್ಬರೇ ಇರುವ ಮನೆಗೆ ಸೆನ್ಸರ್ ಹಾಕೋದು ಹೇಗೆ, ಅದೂ ಕ್ಯಾಮೆರಾ ಇಲ್ಲದೆ

ಮಕ್ಕಳು ವೈಟ್‌ಫೀಲ್ಡ್‌ನಲ್ಲಿ, ಅಮ್ಮ ಬಸವನಗುಡಿಯಲ್ಲಿ ಒಬ್ಬರೇ. ಬೆಂಗಳೂರಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಎಲ್ಲರಿಗೂ ಮೊದಲು ಹೊಳೆಯೋದು ಹಾಲ್‌ನಲ್ಲೊಂದು ಕ್ಯಾಮೆರಾ. ದಯವಿಟ್ಟು ಬೇಡ. ಅಮ್ಮ ಎದ್ದರಾ, ಅಡುಗೆಮನೆಗೆ ಹೋದರಾ, ಬಚ್ಚಲಿಂದ ಹೊರಗೆ ಬಂದರಾ, ನಿಮಗೆ ತಿಳಿಯಬೇಕಾದ್ದು ಇಷ್ಟೇ ಅಲ್ವಾ? ಅದಕ್ಕೆ ಮುಖ ಕಾಣಬೇಕಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ. ಮನೆಯೊಳಗೂ ಅದಕ್ಕೆ ಬೆಲೆ ಕೊಡೋಣ.

ಮೊದಲು ಅಮ್ಮನನ್ನು ಕೇಳಿ. ಯಾವ ಸೆನ್ಸರ್ ಏನು ಹೇಳುತ್ತೆ ಅಂತ ಫೋನಿನಲ್ಲೇ ತೋರಿಸಿ. ಅವರು ಬೇಡ ಅಂದ ಕಡೆ ಹಾಕಲೇಬೇಡಿ.

ಓಡಾಟ ತಿಳಿಯಲು ಪಿಐಆರ್ ಸೆನ್ಸರ್ ಸಾಕು. ಮೈಯ ಬಿಸಿಯಿಂದ ಬರುವ ಇನ್‌ಫ್ರಾರೆಡ್‌ನಲ್ಲಿ ಆಗುವ ಬದಲಾವಣೆಯನ್ನು ಅದು ಹಿಡಿಯುತ್ತೆ. ಎದುರಿಗೆ ನೇರ ಬರುವವರಿಗಿಂತ ಅಡ್ಡ ಹಾದುಹೋಗುವವರು ಅದಕ್ಕೆ ಚೆನ್ನಾಗಿ ಸಿಗುತ್ತಾರೆ. ಹಾಗಾಗಿ ಮೂಲೆಯಲ್ಲಿ, ಸುಮಾರು 2 ಮೀಟರ್ ಎತ್ತರದಲ್ಲಿ, ಬಿಸಿಲು ಬೀಳುವ ಕಿಟಕಿಯ ಕಡೆ ಮುಖ ಮಾಡದಂತೆ ಕೂರಿಸಿ. ಆದರೆ ಅಮ್ಮ ಅಲುಗಾಡದೆ ಕೂತು ಧಾರಾವಾಹಿ ನೋಡುತ್ತಿದ್ದರೆ ಪಿಐಆರ್ ಪಾಲಿಗೆ ಹಾಲ್ ಖಾಲಿ. ಅಲ್ಲಿಗೆ 24 ಗಿಗಾಹರ್ಟ್ಸ್ ರೇಡಾರ್ ಸೆನ್ಸರ್ ಹಾಕಿ, ಅದಕ್ಕೆ ಉಸಿರಾಡುವಾಗ ಎದೆ ಅಲುಗೋದೂ ಗೊತ್ತಾಗುತ್ತೆ. ಫ್ಯಾನು, ಪರದೆ ಅಲುಗಿದರೂ ಯಾರೋ ಇದ್ದಾರೆ ಅನ್ನಬಹುದು, ನೋಡಿಕೊಂಡು ಸರಿಹೊಂದಿಸಿ.

ಜಾಸ್ತಿ ತಲೆ ಓಡಿಸಬೇಕಾದ ಜಾಗ ಬಚ್ಚಲು. ಬೀಳೋದು ಅಲ್ಲೇ ಅಂತ ಎಲ್ಲರಿಗೂ ಭಯ. ಬಾಗಿಲಿಗೆ, ಅದು ತೆರೆದಿದೆಯಾ ಮುಚ್ಚಿದೆಯಾ ಅಂತ ಹೇಳುವ ಮ್ಯಾಗ್ನೆಟ್ ಸೆನ್ಸರ್, ಒಳಗೆ ಒಂದು ಪಿಐಆರ್. ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗೆ ಯಾರೋ ಇದ್ದಾರೆ ಅಂತಲ್ಲ, ಓಡಾಟ ನಿಂತ ಮಾತ್ರಕ್ಕೆ ಯಾರೂ ಇಲ್ಲ ಅಂತಲೂ ಅಲ್ಲ. ಬಾಗಿಲು ಮುಚ್ಚಿದ ಮೇಲೆ ಒಳಗೆ ಒಮ್ಮೆ ಅಲುಗಾಟ ಕಂಡಿತು ಅಂದರೆ, ಬಾಗಿಲು ತೆಗೆಯುವವರೆಗೂ ಅವರು ಒಳಗೇ ಇದ್ದಾರೆ. ಸೆನ್ಸರ್‌ಗಳನ್ನೆಲ್ಲ ಒಟ್ಟಿಗೆ ನೋಡಿಕೊಳ್ಳುವ ಹೋಮ್ ಅಸಿಸ್ಟೆಂಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಈ ನಿಯಮ ಬರೆದು, ಅಮ್ಮನ ಸ್ನಾನಕ್ಕೆ ಹಿಡಿಯುವ ಹೊತ್ತಿಗಿಂತ ಸ್ವಲ್ಪ ಹೆಚ್ಚು ಸಮಯ ಇಡಿ, ಅದು ಮೀರಿದರೆ ನಿಮ್ಮ ಫೋನಿಗೆ ಅಲರ್ಟ್ ಬರಲಿ. ಈ ಸಾಫ್ಟ್‌ವೇರ್ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಮನೆಯಲ್ಲೇ ಓಡುತ್ತೆ, ಅಲರ್ಟ್ ಬಿಟ್ಟು ಬೇರೆ ಮಾಹಿತಿ ಹೊರಗೆ ಹೋಗಬೇಕಿಲ್ಲ. ಕರೆಂಟ್ ಹೋದರೆ ಎಲ್ಲ ಸುಮ್ಮನಾಗುತ್ತೆ, ಅದಕ್ಕೇ ಪೈಗೂ ರೂಟರ್‌ಗೂ ಯುಪಿಎಸ್ ಬೇಕು.

ಮೊದಲ ಎರಡು ಮೂರು ವಾರ ಅಲರ್ಟ್ ಹಾಕದೆ ಸುಮ್ನೆ ನೋಡಿ. ಏಕಾದಶಿ ದಿನ ಅಡುಗೆಮನೆ ಖಾಲಿ ಇರಬಹುದು. ಕಡಲೆಕಾಯಿ ಪರಿಷೆ ದಿನ ಅಮ್ಮ ಮನೆಯಲ್ಲೇ ಇಲ್ಲದಿರಬಹುದು. ಕೆಲಸದವರು ಬಂದಾಗ ಓಡಾಡಿದ್ದು ಯಾರು ಅಂತ ಸೆನ್ಸರ್‌ಗೆ ತಿಳಿಯಲ್ಲ. ಅದು ಅಲುಗಾಟ ಹೇಳುತ್ತೆ, ಕಾರಣ ಹೇಳೋದು ಅಮ್ಮನೇ.

ಅಲರ್ಟ್ ಬಂದರೆ ಮೊದಲು ಅವರಿಗೇ ಫೋನ್ ಮಾಡಿ. ಎತ್ತದಿದ್ದರೆ ಪಕ್ಕದ ಮನೆಯವರಿಗೆ. ಇವತ್ತೇ ಅವರ ಹತ್ತಿರ ಒಂದು ಕೀ ಕೊಟ್ಟಿಡಿ, ಒಳಗಿನ ಚಿಲಕ ಹಾಕಬೇಡಿ ಅಂತ ಅಮ್ಮನಿಗೂ ಹೇಳಿಡಿ.