ಸಿಪ್ಯಾಪ್ ಪ್ರೆಶರ್ ಸರಿಹೊಂದಿಸ್ಕೊಂಡಿದ್ದು: ನನ್ನ ಅನುಭವ

ನಿದ್ದಿಯೊಳಗ ಗಂಟಲು ಮುಚ್ಚಿ ಉಸಿರು ನಿಲ್ಲೂ ತ್ರಾಸಿಗೆ (ಸ್ಲೀಪ್ ಆಪ್ನಿಯಾ) ವಿಜಯಪುರದಾಗ ಸ್ಲೀಪ್ ಟೆಸ್ಟ್ ಆಗಿ, ಮಾಸ್ಕ್‌ನಿಂದ ಗಾಳಿ ಒತ್ತಿ ಗಂಟಲು ತೆರೆದಿಡೂ ಸಿಪ್ಯಾಪ್ ಮಷೀನ್ ಬಂದ ಮ್ಯಾಲೂ ಮುಂಜಾನೆ ತಲಿ ಭಾರ, ಮಧ್ಯಾಹ್ನ ತೂಕಡಿಕಿ ಹೋಗಿರ್ಲಿಲ್ರಿ. ಆಟೋ ಮೋಡ್‌ನಾಗ, ಅಂದ್ರ ಮಷೀನ್ ತಾನ ಪ್ರೆಶರ್ ಏರಿಸಿ ಇಳಿಸೂ ಹಂಗ, 4 ರಿಂದ 20 (ನೀರಿನ ಸೆಂಟಿಮೀಟರ್ ಲೆಕ್ಕದಾಗ) ಅಂತ ಬಿಟ್ಟಿದ್ರು. ಮಲ್ಕೊಂಡ ಕೂಡ್ಲೆ 4ರ ಗಾಳಿ ಸಾಲದ ಉಸಿರು ಕಟ್ಟಿದಂಗ ಆಗೂದು, ಗಂಟಲು ಮುಚ್ಚಿದ ಮ್ಯಾಲ ಮಷೀನ್ ಪ್ರೆಶರ್ ಏರಿಸ್ಕೋತ ಹೋಗೂದು, ಅಷ್ಟ್ರಾಗ ಎಚ್ಚರ ಆಗಿಬಿಡೂದು.

ಮಷೀನ್‌ನಾಗಿನ ಮೆಮರಿ ಕಾರ್ಡ್ ತಗೊಂಡು ಡಾಕ್ಟ್ರ ಹಂತೇಕ ಹೋದೆ. ಎಎಚ್‌ಐ, ಅಂದ್ರ ತಾಸಿಗೆ ಎಷ್ಟು ಸಲ ಉಸಿರು ನಿಲ್ತೈತಿ ಇಲ್ಲಾ ಕಮ್ಮಿ ಆಗ್ತೈತಿ ಅನ್ನೂ ಲೆಕ್ಕ, 11 ಇತ್ತು, ಅದು 5ರ ಒಳಗ ಬರಬೇಕು. ರಾತ್ರಿ 95 ಪರ್ಸೆಂಟ್ ಟೈಮ್ ಪ್ರೆಶರ್ 10.5 ದಾಟಿರ್ಲಿಲ್ಲ, ಹಂಗಾಗಿ ಕೆಳಗಿನ ಮಿತಿ 7ಕ್ಕ ಏರಿಸಿ ಮ್ಯಾಲಿಂದು 13ಕ್ಕ ಇಳಿಸಿದ್ರು, ಆಮ್ಯಾಲೆ ರಿಪೋರ್ಟ್ ನೋಡಿ ಕೆಳಗಿನ ಮಿತಿ 8 ಮಾಡಿದ್ರು. ಈಗ ಎಎಚ್‌ಐ 3ರ ಆಸುಪಾಸು ಐತಿ, ಮಧ್ಯಾಹ್ನ ಕಣ್ಣು ಎಳಿಯೂದಿಲ್ಲ, ಭಾಳ ಸಮಾಧಾನ ಆಗೇತ್ರಿ.

ಇನ್ನೊಂದು, ಮಾಸ್ಕ್ ಲೀಕ್ ಮೊದ್ಲ ನೋಡ್ರಿ, ಲೀಕ್ ಜಾಸ್ತಿ ಇದ್ರ ಎಎಚ್‌ಐ ಅಂಕಿ ನಂಬಾಕ ಬರೂದಿಲ್ಲ. ನಂದು ಮೂಗಿನ ಬಾಜೂಕ ಪುಸ್ ಅಂತಿತ್ತು, ಮಲ್ಕೊಂಡು ಗಾಳಿ ಚಾಲೂ ಇದ್ದಾಗ ಪಟ್ಟಿ ಹೊಂದಿಸಿದ್ರ ನಿಂತತು. ಪ್ರೆಶರ್ ಒಮ್ಮೆಲೆ ಜಾಸ್ತಿ ಮಾಡಿದ್ರ ಗಾಳಿ ಹೊಟ್ಟಿಗೆ ಹೋಗಿ ಉಬ್ಬರಿಸ್ತೈತಿ, ಕೆಲವ್ರಿಗೆ ಸೆಂಟ್ರಲ್ ಆಪ್ನಿಯಾನೂ (ಗಂಟಲು ತೆರೆದಿದ್ರೂ ಮೆದುಳು ಉಸಿರಾಡಾಕ ಸೂಚನೆ ಕೊಡದ ಉಸಿರು ನಿಲ್ಲೂದು) ಶುರು ಆಗ್ಬಹುದು, ಡಾಕ್ಟ್ರನ್ನ ಕೇಳ್ದ ಮುಟ್ಟಬ್ಯಾಡ್ರಿ.